ಬ್ಲಾಝೆನಾ ಓದುತ್ತಾರೆ, ಕೈಗಳು ನಡೆಯುತ್ತವೆ

ಚೆಕ್ ದೇಶದ ಬೆಸ್ಕಿಡಿ ಬೆಟ್ಟದ ಬುಡದ ಸಾಮಿಲ್ಲಿನಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಹಸಿ ಮರದ ಘಾಟು ಮೂಗಿಗೆ ಅಡರುತ್ತಿದೆ. ಕರೆಂಟು ತೆಗೆದಿಟ್ಟ ಹೊಸ ಗರಗಸದ ಯಂತ್ರದ ಪಕ್ಕ ನಿಂತು ಬ್ಲಾಝೆನಾ ಹ್ರಬಲೋವಾ ಕೈಲಿರುವ ಹಾಳೆಯನ್ನು ಗಟ್ಟಿಯಾಗಿ ಓದುತ್ತಿದ್ದಾರೆ. ಒಂದೊಂದು ಮಾತಿಗೂ ಹಳೇ ಕೆಲಸಗಾರ ಬೊಹುಷ್‌ನ ದಪ್ಪ ಕೈ ಯಂತ್ರದ ಮೇಲೆ ಆಡುತ್ತಿದೆ.

"ನಾನು ಹೇಳಿದಷ್ಟೇ ಮಾಡು ಮಾರಾಯ. ತಲೆ ಓಡಿಸ್ಬೇಡ."

"ತಲೆ ಓಡೋ ಹಾಗಿದ್ರೆ ಸಾಮಿಲ್ಲಿಗೆ ಯಾಕೆ ಬರ್ತಿದ್ದೆ ಬ್ಲಾಝೆನ್ಕಾ?"

ಸುತ್ತಲಿನ ಕಾರ್ಖಾನೆ, ಕೊಟ್ಟಿಗೆ, ಆಸ್ಪತ್ರೆಗಳಿಗೆ ಬರುವ ಯಂತ್ರಗಳ ಜೊತೆ ಇಂಗ್ಲಿಷಿನ ಕೈಪಿಡಿ ಬರುತ್ತದೆ. ಅದನ್ನು ಚೆಕ್ ಭಾಷೆಗೆ ತರುವುದು ಬ್ಲಾಝೆನಾ ಕೆಲಸ. ಇಂಗ್ಲಿಷಿನ ಒಂದು 'ಸ್ಪ್ರಿಂಗ್' ಅಂದರೆ ಇವರ ಮುಂದೆ ಮೂರು ದಾರಿ ತೆರೆಯುತ್ತವೆ: ವಸಂತವಾದರೆ 'ಯಾರೊ', ನೀರಿನ ಒರತೆಯಾದರೆ 'ಪ್ರಮೆನ್', ಯಂತ್ರದೊಳಗಿನ ಸುರುಳಿಯಾದರೆ 'ಪ್ರುಝಿನಾ'. ಇದು ಸುಲಭದ್ದು, ಬೆವರಿಳಿಸುವವು ಬೇರೆಯೇ ಇವೆ. ಅದಕ್ಕೇ ಅವರು ನಿಘಂಟು ನೋಡಿ ಸುಮ್ಮನಾಗುವುದಿಲ್ಲ. ಬರೆದದ್ದನ್ನು ಕೆಲಸಗಾರನೆದುರು ಓದುತ್ತಾರೆ. ಕೈ ಎಲ್ಲಿ ತಡವರಿಸಿತೋ ಅಲ್ಲಿ ಮಾತು ತಪ್ಪಿದೆ ಎಂದರ್ಥ.

ತಪ್ಪು ಸಿಕ್ಕರೆ ದಂಡವೂ ಉಂಟು. ಮರುದಿನ ಎಲ್ಲರಿಗೂ ಬ್ಲಾಝೆನಾ ಕೊಲಾಚೆ, ಅಂದರೆ ಪ್ಲಮ್ ಹಣ್ಣಿನ ಹೂರಣದ ಸಿಹಿ ಬನ್ನು, ಬೇಯಿಸಿ ತರಬೇಕು. "ಇವ್ರೆಲ್ಲ ನಾನು ತಪ್ಪಲಿ ಅಂತ್ಲೇ ಕಾಯ್ತಾರೆ, ಹೊಟ್ಟೆಬಾಕರು!" ಎಂದು ಬ್ಲಾಝೆನಾ ನಗುತ್ತಾರೆ. ಅವರ ಅಪ್ಪನೂ ಸಾಮಿಲ್ಲಿನಲ್ಲೇ ದುಡಿದವರು. ಬಲಗೈಯಲ್ಲಿ ಎರಡೇ ಬೆರಳು ಉಳಿದಿದ್ದವು. "ಅಪ್ಪ ನನ್ನ ಜಡೆ ಹೆಣೀತಿದ್ದದ್ದು ಎಡಗೈಲಿ," ಎನ್ನುತ್ತಾ ಹಾಳೆ ತಿರುಗಿಸುತ್ತಾರೆ.

ಇವತ್ತು ಓದು ಕೊನೆಯ ಪುಟದವರೆಗೂ ನಿಲ್ಲದೆ ಸಾಗುತ್ತದೆ. ಕೊಲಾಚೆ ಕೈತಪ್ಪಿತೆಂದು ಸುತ್ತ ನಿಂತ ಕೆಲಸಗಾರರ ಮುಖ ಬಾಡಿದೆ. ಆದರೆ ಬ್ಲಾಝೆನಾ ಕನ್ನಡಕ ತೆಗೆದು ಬೊಹುಷ್‌ನನ್ನೇ ದಿಟ್ಟಿಸುತ್ತಾರೆ.

"ಸ್ವಿಚ್ ಆರಿಸಿದ್ಮೇಲೆ ಬ್ಲೇಡು ಸ್ವಚ್ಛ ಮಾಡು ಅಂತ ಓದಿದೆ. ನೀನು ಹಿಂದೆ ಸರಿದೆ. ಯಾಕೆ?"

"ಅದು... ಆರಿಸಿದ್ಮೇಲೂ ಸ್ವಲ್ಪ ಹೊತ್ತು ಬ್ಲೇಡು ತಿರುಗ್ತಾನೇ ಇರತ್ತಲ್ಲ."

"ಮತ್ತೆ ಬಾಯಿ ಬಿಡೋದಕ್ಕೇನಾಗಿತ್ತು?"

ಬೊಹುಷ್ ಟೋಪಿ ಹಿಂಡುತ್ತಾನೆ. "ಮೊಣಕಾಲು ನೋವು ಅಂದಿದ್ಯಲ್ಲ. ಕೊಲಾಚೆಗೆ ಅಂತ ಒಲೆ ಮುಂದೆ ನಿಲ್ಲಿಸೋದು ಬೇಡ ಅನ್ನಿಸ್ತು."

"ಅಯ್ಯೋ, ನಿನ್ನ ಕರುಣೆಗೆ ಬೆಂಕಿ ಬೀಳ! ನಿನ್ನ ಕೈಗೆ ಗೊತ್ತು, ತಪ್ಪಿಸ್ಕೊಂಡಿತು. ಸೋಮವಾರ ಇಲ್ಲಿ ನಿಲ್ಲೋದು ಯಾರು?"

ಸೋಮವಾರ ನಿಲ್ಲುವವಳು ಬೊಹುಷ್‌ನ ಮಗಳು ರಾಡ್ಕಾ. ಗರಗಸ ಅವಳಿಗೆ ಹೊಸತು. ಬ್ಲಾಝೆನಾ ಅವಳನ್ನೇ ಮುಂದೆ ಕರೆದು, ಅದೇ ಸಾಲನ್ನು ಅದೇ ದನಿಯಲ್ಲಿ ಮತ್ತೆ ಓದುತ್ತಾರೆ. ರಾಡ್ಕಾ ಆರಿಸುವ ಸ್ವಿಚ್ ಒತ್ತುತ್ತಾಳೆ. ಒಂದು ಚೂರೂ ಅನುಮಾನವಿಲ್ಲದೆ ಅವಳ ಕೈ ಬಟ್ಟೆ ಹಿಡಿದು ನೇರ ಬ್ಲೇಡಿನ ಹಲ್ಲಿನ ಮೇಲೆ ಹೋಗಿ ಕೂರುತ್ತದೆ.

ಕರೆಂಟಿಲ್ಲದ ಬ್ಲೇಡು ಸುಮ್ಮನಿದೆ, ಆದರೂ ನೋಡುವವರ ಮೈ ಜುಮ್ಮೆನ್ನುತ್ತದೆ. ಹಾಳೆಯ ಮೇಲಿನ ಒಂದು ಪುಟ್ಟ ಮಾತು ಹುಡುಗಿಯ ಕೈ ಹಿಡಿದು ಅಲ್ಲಿಗೆ ಕರೆದೊಯ್ದಿತಲ್ಲ! ಬೊಹುಷ್ ಮಗಳ ಕೈಯನ್ನು ಎಳೆದು ತನ್ನೆರಡೂ ಅಂಗೈಗಳಲ್ಲಿ ಮುಚ್ಚಿಕೊಳ್ಳುತ್ತಾನೆ.

ಇಂಗ್ಲಿಷಿನಲ್ಲಿದ್ದದ್ದು 'ಕ್ಲಿಯರ್'. ಅದಕ್ಕೆ ಸ್ವಚ್ಛ ಮಾಡು ಎಂದೂ ಆಗುತ್ತದೆ, ದೂರ ಸರಿ ಎಂದೂ ಆಗುತ್ತದೆ. ಬ್ಲಾಝೆನಾ ಪೆನ್ಸಿಲ್ಲಿನಿಂದ ಹಳೆಯದನ್ನು ಹೊಡೆದು 'ಉಸ್ತುಪ್ತೆ', ಹಿಂದೆ ಸರಿಯಿರಿ, ಎಂದು ಬರೆದು ಮತ್ತೆ ಓದುತ್ತಾರೆ. ರಾಡ್ಕಾ ಹಿಂದೆ ಸರಿಯುತ್ತಾಳೆ.

ಮರುದಿನ ಬೆಳಗ್ಗೆ ಕುಂಟುತ್ತಲೇ ಬಂದ ಬ್ಲಾಝೆನಾ ಬಿಸಿ ಕೊಲಾಚೆಯ ತಟ್ಟೆಯನ್ನು ಮರದ ದಿಮ್ಮಿಯ ಮೇಲಿಡುತ್ತಾರೆ. ಕೈಪಿಡಿಯ ಮೇಲೆ ನಿಮ್ಮ ಹೆಸರು ಬರಬೇಡವೇ ಎಂದು ಯಾರೋ ಕೇಳುತ್ತಾರೆ.

"ಹೆಸರು ಕಟ್ಕೊಂಡು ಏನ್ಮಾಡ್ಲಿ?" ರಾಡ್ಕಾ ಎರಡೂ ಕೈಯಲ್ಲಿ ಒಂದೊಂದು ಕೊಲಾಚೆ ಎತ್ತಿಕೊಳ್ಳುವುದನ್ನೇ ಅವರು ನೋಡುತ್ತಿದ್ದಾರೆ. "ಅಲ್ನೋಡಿ, ಹತ್ತೂ ಬೆರಳಿಗೆ ಹೂರಣ ಮೆತ್ಕೊಂಡಿದೆ. ನನಗಷ್ಟು ಸಾಕು."