ಸರ್ಜಾನ ಕಿವಿಯ ಹಳದಿ ಬಿಲ್ಲೆ

ನಮ್ಮ ಚಿಗವ್ವ ನೀಲವ್ವ ಮುನವಳ್ಳಿ ಬಸ್ಸಿನಿಂದ ಇಳಿದು ಬೈಲಹೊಂಗಲದ ನಮ್ಮ ಮನೆಗೆ ಬಂದವಳೇ, ಚಪ್ಪಲಿ ಬಿಡುವ ಮೊದಲು ಸೆರಗಿನ ಗಂಟು ಬಿಚ್ಚಿದಳು. ಒಳಗಿದ್ದದ್ದು ಹಳದಿ ಪ್ಲಾಸ್ಟಿಕ್ಕಿನ ಒಂದು ಬಿಲ್ಲೆ. ಅದರ ಮೇಲೆ ಉದ್ದನೆಯ ನಂಬರು.

"ತಮ್ಮಾ, ಇದನ್ನ ಹೊಳ್ಳಿ ಕಿವ್ಯಾಗ ಹಾಕಾಕ ಬರತೈತೇನೋ?"

"ಯಾರ ಕಿವ್ಯಾಗ?"

"ಸರ್ಜಾಂದು" ಎಂದವಳು ಅಲ್ಲೇ ಹೊಸ್ತಿಲ ಮೇಲೆ ಕುಳಿತು ಅಳತೊಡಗಿದಳು. ಕಾಕಾ ತೀರಿಹೋದಾಗಲೂ ಅವಳು ಹಾಗೆ ಅತ್ತದ್ದು ನನಗೆ ನೆನಪಿಲ್ಲ.

ಸರ್ಜಾ ಅವಳ ಎತ್ತು. ಸರ್ಜಾ, ರಾಜಾ ಎರಡೂ ಅವಳ ಕೈಯಲ್ಲೇ ಬೆಳೆದ ಜೋಡಿ. ಹಿಂದಿನ ವರ್ಷ ಚರ್ಮಗಂಟು ರೋಗ ಬಂದು ರಾಜಾ ಹೋಯಿತು. ಒಂಟಿ ಎತ್ತಿನಿಂದ ಹೊಲ ಹೂಡಲಾದೀತೇ? ಅಷ್ಟರಲ್ಲಿ ಗಡಿಯಾಚೆ ಮಹಾರಾಷ್ಟ್ರದ ಗಡಿಂಗ್ಲಜ ಕಡೆಯಿಂದ ಮಾರುತಿರಾವ್ ಎಂಬ ರೈತ ಬಂದ. ಅವನದೂ ಇದೇ ಗೋಳು: ಜೋಡಿಯಲ್ಲಿ ಒಂದು ಸತ್ತು ಒಂದು ಉಳಿದಿತ್ತು. ಅದೇ ಎತ್ತರ, ಅದೇ ಬಣ್ಣ, ಅದೇ ಕೋಡಿನ ಎತ್ತು ಹುಡುಕುತ್ತ ಊರೂರು ತಿರುಗುತ್ತಿದ್ದ. ಸರ್ಜಾನ ಬೆನ್ನ ಮೇಲೆ ಕೈಯಾಡಿಸಿ, "ಅಕ್ಕಾ, ಹುಡುಗ ಪಸಂದ ಅದಾನ" ಎಂದ. ಬಹಳ ದಿನಗಳ ಮೇಲೆ ಚಿಗವ್ವ ನಕ್ಕಳಂತೆ.

(ನಮ್ಮ ಕಡೆ ಗಡಿ ಎಂದರೆ ಇಷ್ಟೇ. ಇಲ್ಲಿಯ ಹುಡುಗಿ ಅಲ್ಲಿಗೆ ಸೊಸೆ, ಅಲ್ಲಿಯ ಎಮ್ಮೆ ಇಲ್ಲಿಗೆ ಹೈನು. ಎರಡೂ ಕಡೆ ಬೋರ್ಡಿನ ಭಾಷೆ ಬೇರೆ, ಬೀಗರು ಮಾತ್ರ ಅವರೇ.)

ಚಿಗವ್ವನ ಮಗ ಮಹಾಂತೇಶ ಕಾನೂನು ಬಲ್ಲವನು. ಪಶು ಆಸ್ಪತ್ರೆಯ ಸರ್ಟಿಫಿಕೇಟು, ಸಾಗಿಸಲು ಪರವಾನಗಿ, ಎಲ್ಲ ಮಾಡಿಸಿದ. ಎಲ್ಲದರ ಮೇಲೂ ಸರ್ಕಾರದವರು ಕಿವಿಗೆ ಹಾಕಿದ ಆ ಹಳದಿ ಟ್ಯಾಗಿನ ನಂಬರು ಬರೆಸಿದ. ಇನ್ನೇನು ಬೇಕು?

ಆದರೆ ನಮ್ಮಲ್ಲಿ ಒಂದು ಪದ್ಧತಿಯಿದೆ. ಎತ್ತು ಮಾರಿದರೂ ಅದನ್ನು ಕಟ್ಟಿದ ಹಗ್ಗವನ್ನು ಕೊಡುವುದಿಲ್ಲ. ಕೊಂಡವನು ತನ್ನ ಹಗ್ಗ ತಂದು ಹೊಡೆದುಕೊಂಡು ಹೋಗಬೇಕು. ಹಗ್ಗ ಹೋದರೆ ದನದ ಕಾಲ್ಗುಣವೂ ಮನೆ ಬಿಟ್ಟು ಹೋಗುತ್ತದೆ ಎಂಬ ನಂಬಿಕೆ. ಹಾಗಾಗಿ ಕಳಿಸುವ ದಿನ ಚಿಗವ್ವ ಸರ್ಜಾನ ಮೈ ತೊಳೆದು, ಕುಂಕುಮವಿಟ್ಟು, ಹಗ್ಗ ಬಿಚ್ಚಿಟ್ಟುಕೊಂಡಳು. ಗೆಜ್ಜೆಸರ ಬಿಚ್ಚಿಟ್ಟುಕೊಂಡಳು. ಆಮೇಲೆ ಕತ್ತರಿ ತಂದು ಕಿವಿಯ ಬಿಲ್ಲೆಯನ್ನೂ ಕತ್ತರಿಸಿ ತೆಗೆದಳು. ನೋವಾಗದಿರಲಿ ಎಂದು ಅಲ್ಲಿಗೆ ಅರಿಶಿನ ಮೆತ್ತಿದಳು.

"ಹಗ್ಗ ನಮ್ದು, ಗೆಜ್ಜಿ ನಮ್ದು. ಈ ಬಿಲ್ಲಿ ನಿನ್ನ ಹೆಸರಿಲೆ ಐತಿ ಬೇ ಯವ್ವಾ ಅಂತ ಡಾಕ್ಟರ ಹೇಳಿದ್ರು. ನನ್ನ ಹೆಸರಿಂದು ಪರರ ಮನಿಗೆ ಹೆಂಗ ಕಳಸ್ಲಿ?" ಎಂದು ಹೊಸ್ತಿಲ ಮೇಲೆ ಕುಳಿತು ನನ್ನನ್ನೇ ಕೇಳಿದಳು.

ಹೊರಡುವ ಗಡಿಬಿಡಿಯಲ್ಲಿ ಎಲ್ಲರೂ ಹಣೆಯ ಕುಂಕುಮ ನೋಡಿದರು, ಕಿವಿ ಯಾರೂ ನೋಡಲಿಲ್ಲ. ನೋಡಿದ್ದು ಗಡಿಯ ಚೆಕ್‌ಪೋಸ್ಟಿನವರು. ಕಾಗದದಲ್ಲಿ ನಂಬರಿದೆ, ಕಿವಿಯಲ್ಲಿ ಹಸಿ ತೂತು. ಕದ್ದ ದನ ಸಾಗಿಸುವವರು ಮೊದಲು ಮಾಡುವ ಕೆಲಸವೇ ಟ್ಯಾಗ್ ಕತ್ತರಿಸುವುದು.

"ಅರಿಶಿನ ಮೆತ್ತಿ ಮುಚ್ಚೀರಲ್ರಿ, ಭಾರಿ ಹುಷಾರ ಅದೀರಿ" ಎಂದರಂತೆ ಮಾರುತಿರಾವನಿಗೆ. ಅವರನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ಅವರ ಜಾಗದಲ್ಲಿದ್ದರೆ ನಾನೂ ನಂಬುತ್ತಿರಲಿಲ್ಲ. ಸರ್ಜಾನನ್ನು ಕಿತ್ತೂರಿನ ಆಚೆ, ಹೈವೇ ಪಕ್ಕದ ಒಂದು ಗೋಶಾಲೆಗೆ ಕಳಿಸಿದರು.

ನಾನೂ ಚಿಗವ್ವನೂ ಅಲ್ಲಿಗೆ ಹೋದೆವು. ಸರ್ಜಾನ ಇನ್ನೊಂದು ಕಿವಿಯಲ್ಲಿ ಹೊಸ ಟ್ಯಾಗ್ ಇತ್ತು. ಗುರುತಿಲ್ಲದೆ ಬಂದ ದನಕ್ಕೆ ಹೊಸ ನಂಬರು ಕೊಡುವುದು ಅವರ ರೂಲ್ಸ್. ಚಿಗವ್ವ ಬೇಲಿಯಾಚೆಯಿಂದಲೇ "ಸರ್ಜಾ" ಎಂದಳು. ಮುಂದಿದ್ದ ದನಗಳನ್ನು ತಳ್ಳಿಕೊಂಡು ಬಂತು. ಬಂದು ಅವಳ ಕೈ ನೆಕ್ಕಿತು.

"ಅಮ್ಮಾರ, ದನಾ ಯಾರ ಕರದ್ರೂ ಬರತಾವ" ಎಂದರು ಅಲ್ಲಿಯ ಮ್ಯಾನೇಜರ್.

"ಹಂಗಾರ ನೀವ ಕರೀರಿ, ನೋಡೂಣು."

ಅವರು ಕರೆದರು. ಸರ್ಜಾ ತಿರುಗಲಿಲ್ಲ. ಮ್ಯಾನೇಜರ್ ದನಿ ತಗ್ಗಿಸಿದರು. "ನನಗ ಗೊತ್ತಾತ್ರಿ, ಇದು ನಿಮ್ದ. ಆದ್ರ ನನಗ ಗೊತ್ತಾಗಿ ಏನ ಮಾಡೂದೈತಿ? ಮ್ಯಾಲಿಂದ ಆರ್ಡರ್ ಬರಬೇಕು."

ಚಿಗವ್ವ ಸೆರಗಿನ ಗಂಟು ಬಿಚ್ಚಿ ಬಿಲ್ಲೆ ತೋರಿಸಿದಳು. ಕತ್ತರಿಸಿದ ಟ್ಯಾಗ್ ಮತ್ತೆ ಕೂರುವುದಿಲ್ಲ. ಕೈಯಲ್ಲಿ ಹಿಡಿದ ನಂಬರು ಯಾವ ಎತ್ತಿನದು ಎಂದು ಸಾಬೀತು ಮಾಡುವವರು ಯಾರು? ಸಾಕಿದವಳ ಸಾಕ್ಷಿ ನಡೆಯುವುದಿಲ್ಲ. ಎತ್ತಿನ ಸಾಕ್ಷಿಯಂತೂ ಕೇಳಲೇಬೇಡಿ.

ಮಹಾಂತೇಶ ಆಫೀಸಿನಿಂದ ಆಫೀಸಿಗೆ ಅಲೆದ. ಮಾರುತಿರಾವ್ ಆ ಕಡೆಯಿಂದ ಫೋನ್ ಮಾಡುತ್ತಲೇ ಇದ್ದ. "ಅಕ್ಕಾ, ನಮ್ಮದೂ ಒಂಟಿ ನಿಂತೈತಿ, ನೊಗ ಕಂಡ್ರ ಆಚೀಚೆ ನೋಡತೈತಿ" ಎನ್ನುತ್ತಿದ್ದ. ಆರ್ಡರ್ ಬರುವ ಮೊದಲೇ ಗೋಶಾಲೆಯಿಂದ ಫೋನ್ ಬಂತು. ಜ್ವರ ಬಂದಿತ್ತಂತೆ, ಮೇವು ಬಿಟ್ಟಿತ್ತಂತೆ, ಬೆಳಿಗ್ಗೆ ಏಳಲಿಲ್ಲವಂತೆ. ಹೊಸ ನಂಬರಿನ ಎತ್ತು ಸತ್ತಿತು ಎಂದು ಅಲ್ಲಿ ದಾಖಲಾಯಿತು. ಸರ್ಜಾ ಎಂಬ ಹೆಸರು ಎಲ್ಲೂ ಬರಲಿಲ್ಲ.

ಗುರುತು ಬೇಡ ಎನ್ನುವವನು ನಾನಲ್ಲ. ಆ ಹಳದಿ ಬಿಲ್ಲೆಯಿಂದಲೇ ಎಷ್ಟೋ ಜನರ ಕಳುವಾದ ದನ ಮನೆ ಸೇರಿವೆ. ಆದರೆ ಬಿಲ್ಲೆ ಹಾಕಲು ಬಂದವರು ಕಿವಿ ಚುಚ್ಚಿ, ನಂಬರನ್ನು ಮೊಬೈಲಿಗೆ ಹಾಕಿಕೊಂಡು ಬೈಕ್ ಹತ್ತುತ್ತಾರೆ. ಇದು ಎತ್ತಿನ ಜೊತೆಗೇ ಹೋಗಬೇಕು, ಹಗ್ಗದಂತೆ ಇಟ್ಟುಕೊಳ್ಳುವಂಥದ್ದಲ್ಲ ಎಂದು ಆ ಮುದುಕಿಗೆ ಒಂದು ಮಾತು ಹೇಳಿದವರಿಲ್ಲ. ಹೇಳಿದ್ದರೆ ಸರ್ಜಾ ಈಗ ಗಡಿಂಗ್ಲಜದಲ್ಲಿ ಜೋಡಿಯ ಪಕ್ಕ ನಿಂತು ಮೇವು ತಿನ್ನುತ್ತಿತ್ತು.

ಮೊನ್ನೆ ಮಹಾಂತೇಶನ ಮೊಬೈಲಿಗೆ ಮೆಸೇಜ್ ಬಂತು. ಸರ್ಜಾನ ಹಳೆಯ ಬಿಲ್ಲೆಯ ನಂಬರಿನ ಮೇಲೆ. ನಿಮ್ಮ ಎತ್ತಿಗೆ ಕಾಲುಬಾಯಿ ಬೇನೆಯ ಲಸಿಕೆಯ ಸಮಯವಾಗಿದೆ, ತಪ್ಪದೆ ಹಾಕಿಸಿ. ಸುಮ್ಮನೆ ಡಿಲೀಟ್ ಮಾಡಬಹುದಿತ್ತು. ಪುಣ್ಯಾತ್ಮ ತಾಯಿಯ ಎದುರು ಗಟ್ಟಿಯಾಗಿ ಓದಿಬಿಟ್ಟ.

ಚಿಗವ್ವ ಕೂಡಲೇ ನನಗೆ ಫೋನ್ ಹಚ್ಚಿದಳು. ಅವಳ ದನಿಯಲ್ಲಿ ಆಸೆಯಿತ್ತು, ಅದೇ ನನಗೆ ತಡೆಯಲಾಗಲಿಲ್ಲ.

"ತಮ್ಮಾ, ಸರ್ಕಾರದಾಗ ನಮ್ಮ ಸರ್ಜಾ ಇನ್ನೂ ಜೀವಂತ ಅದಾನಂತ. ಮತ್ತ ಅಲ್ಲಿ ಸತ್ತದ್ದು ಯಾರ ಎತ್ತೋ?"