ರಂಜಾನ್ ಮಧ್ಯಾಹ್ನದ ಒಂದು ಚೊಂಬು ನೀರು

ನಮ್ಮ ಖಾಲಾ, ಅಂದರೆ ಅಮ್ಮನ ತಂಗಿ, ಮನೆಯೊಳಗೆ ಉರ್ದು, ಹೊರಗೆ ಕನ್ನಡ ಆಡುತ್ತಿದ್ದಳು. ಕೋಪ ಬಂದಾಗ ಮಾತ್ರ ಮನೆಯೊಳಗೂ ಕನ್ನಡಕ್ಕೆ ಹೊರಳುತ್ತಿದ್ದಳು, ಬೀದಿಯವರಿಗೂ ಅರ್ಥವಾಗಲಿ ಎಂದು.

ತೊಂಬತ್ತರ ದಶಕದ ಕೊನೆಯ ಮಾತು. ಗುಬ್ಬಿಯಲ್ಲಿದ್ದ ಆಕೆಗೆ ಉಬ್ಬಸ. ಕುಣಿಗಲ್ ಕಡೆಯ ಯಾರೋ ವೈದ್ಯ ಕೊಟ್ಟ ಬಿಳಿ ಪುಡಿಯಿಂದ ಉಸಿರು ಬೇಗ ಹಗುರಾಯಿತು. ತಿಂಗಳುಗಟ್ಟಲೆ ತಿಂದಳು. ಮುಖ ದುಂಡಗಾಯಿತು. ಮೈ ತುಂಬಿಕೊಂಡಿದೆ ಎಂದು ಎಲ್ಲರೂ ಮೆಚ್ಚಿದರು; ಕೈಕಾಲು ಸೊರಗಿದ್ದು ಯಾರ ಕಣ್ಣಿಗೂ ಬೀಳಲಿಲ್ಲ. ಆಮೇಲೆ ಬಾಯಾರಿಕೆ, ಮತ್ತೆ ಮತ್ತೆ ಮೂತ್ರ. ತುಮಕೂರಿನ ಬಸ್ಸು ಹತ್ತುವುದನ್ನೇ ಬಿಟ್ಟಳು. ಸಕ್ಕರೆ ಕಾಯಿಲೆಯೆಂದು ಪರೀಕ್ಷೆ ಮಾಡಿಸಿದರೆ ಸಕ್ಕರೆ ಇಲ್ಲ.

ಅಲ್ಲಿಗೆ ಕಾಯಿಲೆಯೇ ಇಲ್ಲವೆಂದು ಅವಳ ಗಂಡನ ಅಣ್ಣ, ಮನೆಗೆ ಹಿರಿಯರಾದ ಭಾವ, ತೀರ್ಪು ಕೊಟ್ಟರು. ಕುಡಿಯುವುದು ಕಮ್ಮಿಯಾದರೆ ಹೋಗುವುದೂ ಕಮ್ಮಿಯಾಗುತ್ತದೆ, ಇದು ಬರೀ ಚಟ ಎಂದರು. ಅಷ್ಟರಲ್ಲಿ ರಂಜಾನ್ ಬಂತು. ಕಾಯಿಲೆಯವರಿಗೆ ರೋಜಾದಿಂದ, ಅಂದರೆ ಉಪವಾಸದಿಂದ, ವಿನಾಯಿತಿ ಉಂಟು; ಬಿಟ್ಟದ್ದನ್ನು ವಾಸಿಯಾದ ಮೇಲೆ ಇಟ್ಟು ತೀರಿಸಬೇಕು. ಹೆಸರೇ ಇಲ್ಲದ ಕಾಯಿಲೆಗೆ? ಈ ಚಳಿಯಲ್ಲಿ ಎಂಥ ಬಾಯಾರಿಕೆ ಎಂದು ಭಾವ ನೀರಿನ ಕೊಡವನ್ನು ತಮ್ಮ ಕುರ್ಚಿಯ ಪಕ್ಕಕ್ಕೇ ಇಡಿಸಿಕೊಂಡರು.

ಮಧ್ಯಾಹ್ನ ಖಾಲಾ ಅದೇ ಕೊಡದಿಂದ ಚೊಂಬು ತುಂಬಿಕೊಂಡು ಬಾಗಿಲಿಗೆ ಬಂದು, ಬೀದಿಗೆ ಮುಖ ಮಾಡಿ ಕುಡಿದಳು. ಆಮೇಲೆ ಭಾವನ ಕಡೆ ತಿರುಗಿ ಕನ್ನಡದಲ್ಲಿ ಹೇಳಿದಳು:

"ಕದ್ದು ಕುಡಿಯಕ್ಕೆ ನಾನೇನ್ ಕಳ್ಳೀನಾ? ರೋಜಾ ನಂದು, ಕೇಳೋನು ಮೇಲವ್ನೆ. ಬಿಟ್ಟಿದ್ನೆಲ್ಲ ಆಮೇಲೆ ಇಡ್ತೀನಿ. ಕೊಡ ಕಾಯೋ ಕೆಲ್ಸ ನಿಮಗ್ಯಾರ್ ಕೊಟ್ರು, ಭಾಯ್‌ಜಾನ್?"

ಇದನ್ನು ನಾನು ಕಣ್ಣಾರೆ ಕಂಡೆನೇ? ನೀನಾಗ ವಿಶ್ವವಿದ್ಯಾಲಯದ ಹಾಸ್ಟೆಲಿನಲ್ಲಿದ್ದೆ, ಅಮ್ಮ ಕುಡಿದದ್ದು ಹಿತ್ತಲಲ್ಲಿ ಎಂದು ಖಾಲಾಳ ಮಗಳು ಈಗ ವಾದಿಸುತ್ತಾಳೆ. ಇರಬಹುದು. ನನ್ನ ನೆನಪನ್ನು ನಾನೇ ನಂಬುವುದಿಲ್ಲ. ಆದರೆ ಹಿತ್ತಲಲ್ಲಿ ಆಡಿದ ಮಾತು ಸಂಜೆಯೊಳಗೆ ಇಡೀ ಬೀದಿಗೆ ಹೇಗೆ ಗೊತ್ತಾಯಿತು? ಬಾಗಿಲನ್ನು ನಾನು ಬಿಟ್ಟುಕೊಡಲಾರೆ.

ತುಮಕೂರಿನ ಡಾಕ್ಟರ ಬಳಿ ಕರೆದೊಯ್ದದ್ದಂತೂ ನಾನೇ. ದಾರಿಯಲ್ಲಿ ಅವಳಿಗಾಗಿ ಬಸ್ಸು ನಿಲ್ಲಿಸಿದಾಗ ಗೊಣಗಿದವರನ್ನು ಖಾಲಾ ದುರುಗುಟ್ಟಿ ನೋಡಿದ್ದು ನೆನಪಿದೆ. ಡಾಕ್ಟರು ದುಂಡು ಮುಖ, ತೋಳಿನ ನೀಲಿ ಕಲೆ ನೋಡಿ, "ಯಾವ್ ಪುಡಿ ತಿಂತಿದೀಯಮ್ಮಾ?" ಎಂದರು.

ಪುಡಿಯಲ್ಲಿ ಸ್ಟೀರಾಯ್ಡ್ ಇರಬೇಕೆಂದು ಅವರ ಅನುಮಾನ. ದೇಹವೇ ತಯಾರಿಸುವ ಕಾರ್ಟಿಸಾಲ್‌ನಂಥದ್ದೇ, ಆದರೆ ಅತಿಯಾಗಿ. ನೀರನ್ನು ಹಿಡಿದಿಟ್ಟುಕೋ ಎಂದು ಮೂತ್ರಪಿಂಡಕ್ಕೆ ಹೇಳುವ ಹಾರ್ಮೋನೊಂದು ಮೆದುಳಿನಿಂದ ಬರುತ್ತದೆ. ಕಾರ್ಟಿಸಾಲ್ ಅತಿಯಾದಾಗ ಅದು ಬರುವುದೂ ತಗ್ಗಬಹುದು, ಬಂದರೂ ಮೂತ್ರಪಿಂಡ ಸರಿಯಾಗಿ ಕಿವಿಗೊಡದಿರಬಹುದು. ನೀರು ಸೋರಿ ಹೋಗುತ್ತದೆ. ಅಂದರೆ ಕುಡಿದಳೆಂದು ಹೋಗುತ್ತಿರಲಿಲ್ಲ, ಹೋಗುತ್ತಿದ್ದಳೆಂದೇ ಕುಡಿಯುತ್ತಿದ್ದಳು. ಇಷ್ಟೂ ಅವರೇ ಹೇಳಿದರೋ, ನಾನು ಆಮೇಲೆ ಓದಿ ಅವರ ಬಾಯಿಗಿಟ್ಟೆನೋ. ನೀರು ತಡೆಯಬೇಡಿ, ಪುಡಿಯನ್ನು ಏಕಾಏಕಿ ನಿಲ್ಲಿಸಿದರೆ ಜೀವಕ್ಕೇ ಅಪಾಯ ಎಂದದ್ದು ಮಾತ್ರ ಖಂಡಿತ ಅವರೇ. ಪುಡಿಯ ಬದಲು ಅಳತೆಯ ಮಾತ್ರೆ ಕೊಟ್ಟು ನಿಧಾನವಾಗಿ ಇಳಿಸುತ್ತಾ ಬಂದರು. ಉಬ್ಬಸಕ್ಕೆ ಇನ್‌ಹೇಲರ್ ಬಂತು.

ಮುಂದಿನ ವರ್ಷದ ಏಪ್ರಿಲ್ ಹೊತ್ತಿಗೆ ಮುಖದ ಊತ ಇಳಿದಿತ್ತು, ಬಾಯಾರಿಕೆಯೂ. ಡಾಕ್ಟರು ಒಪ್ಪಿದ ಮೇಲೆ, ಬೀದಿಯಲ್ಲಿ ಬೇರೆ ಯಾರೂ ಉಪವಾಸವಿಲ್ಲದ ಆ ಸುಡು ಬಿಸಿಲಲ್ಲಿ, ಬಿಟ್ಟಿದ್ದ ರೋಜಾಗಳನ್ನು ಖಾಲಾ ಒಂದೊಂದಾಗಿ ಇಟ್ಟಳು. ಮಧ್ಯಾಹ್ನ ಊಟಕ್ಕೆ ಕೂತ ಭಾವ ಅವಳ ಒಣಗಿದ ತುಟಿ ನೋಡಿ ಲೋಟ ಎತ್ತಲು ಹಿಂಜರಿದರು. ಖಾಲಾ ಕೊಡವನ್ನು ಎತ್ತಿ ತಂದು ಅವರ ಪಕ್ಕಕ್ಕಿಟ್ಟಳು.

"ಕುಡೀರಿ," ಎಂದಳು, ಕನ್ನಡದಲ್ಲಿ. "ನಾನ್ ತಡಿಯಲ್ಲ."