ಬ್ಯಾಟರಿಯ ತಂತಿಗೆ ಸುತ್ತಿದ್ದ ಬೈರಾಸು

ಸತ್ತವರು ಬರುತ್ತಾರೆ ಎಂದು ಯಾರಾದರೂ ಹೇಳಿದರೆ, ಬರುವಾಗ ಬಸ್ಸಿಗೆ ಟಿಕೆಟ್ ತೆಗೆದಿದ್ದರೋ ಎಂದು ಕೇಳುತ್ತಿದ್ದವನು ನಾನು. ಈಗ ಹಾಗೆ ಕೇಳುವುದಿಲ್ಲ. ನಂಬುತ್ತೇನೆಯೇ ಎಂದರೆ, ಅದೂ ಗೊತ್ತಿಲ್ಲ.

ಎಂಬತ್ತರ ದಶಕದ ಆರಂಭ. ಮಂಗಳೂರಿನ ವಿಮಾನ ನಿಲ್ದಾಣದಲ್ಲಿ ನಾನು ಬೆಂಕಿ ಆರಿಸುವ ತಂಡದಲ್ಲಿದ್ದೆ. ವಿಮಾನ ಬಿದ್ದರೂ ಒಳಗಿನವರು ಬದುಕಿರಬಹುದು. ಅವರ ಜೀವ ತೆಗೆಯುವುದು ಆಮೇಲೆ ಹತ್ತಿಕೊಳ್ಳುವ ಇಂಧನ. ಅದಕ್ಕೇ ಕೆಲವರು ಚೆಲ್ಲಿದ ಇಂಧನದ ಮೇಲೆ ನೊರೆ ಹೊಡೆಯಬೇಕು, ಒಬ್ಬ ಕಿಡಿ ಹಾರದಂತೆ ಬ್ಯಾಟರಿಯ ತಂತಿ ಬಿಡಿಸಬೇಕು. ಆ ಬ್ಯಾಟರಿಯ ಕೆಲಸ ಬೋಳಾರದ ಸಂಜೀವಣ್ಣನದಾಗಿತ್ತು. ಅವನು ಜ್ವರ ಬಂದು ತೀರಿಕೊಂಡ ಮೇಲೆ ಅದು ನನ್ನ ಪಾಲಿಗೆ ಬಂತು.

ಒಂದು ಮಧ್ಯಾಹ್ನ ಮಳೆಯಲ್ಲಿ ಇಳಿದ ಚಿಕ್ಕ ವಿಮಾನವೊಂದು ರನ್‌ವೇ ದಾಟಿ ಕೆಸರಿಗೆ ಜಾರಿತು. ರೆಕ್ಕೆ ಸೀಳಿ ಇಂಧನ ಸುರಿಯುತ್ತಿತ್ತು. ಬಾಗಿಲು ಸಿಕ್ಕಿಕೊಂಡಿತ್ತು, ಕಿಟಕಿಗಳ ತುಂಬ ಜನರ ಮುಖ. ಒಂದು ಕಿಡಿ ಹಾರಿದರೆ ಅಷ್ಟೂ ಜನ ಮುಗಿದಂತೆಯೇ. ನಾನು ಮೂತಿಯ ಅಡಿಗೆ ನುಸುಳಿದೆ. ಬ್ಯಾಟರಿಯ ಮುಚ್ಚಳದ ಸ್ಕ್ರೂಗಳು ಬಿಗಿಯಾಗಿಯೇ ಇದ್ದವು. ಒಂದೊಂದನ್ನೇ ಕಳಚಿದೆ.

ಒಳಗೆ ನೋಡಿದೆ. ತಂತಿಯನ್ನು ಯಾರೋ ಆಗಲೇ ಬಿಡಿಸಿದ್ದರು. ಅದರ ತುದಿಗೆ ಕೆಂಪು ಚೌಕಳಿಯ ಟವೆಲ್, ನಮ್ಮ ಕಡೆಯ ಬೈರಾಸು, ಸುತ್ತಿ ಬಲೆಗೆ ಹಾಕುವಂಥ ಗಂಟು ಹಾಕಿದ್ದರು. ಮೀನುಗಾರರ ಮನೆಯ ಸಂಜೀವಣ್ಣ ಅಭ್ಯಾಸದ ದಿನಗಳಲ್ಲಿ ಹೀಗೆಯೇ ಹೆಗಲಿನ ಬೈರಾಸು ಸುತ್ತುತ್ತಿದ್ದ. ನಿಯಮದಲ್ಲಿಲ್ಲ ಎಂದು ಸಾಹೇಬರು ಬೈದರೆ, "ದೋಣಿಯಲ್ಲಿ ನಾವು ಹೀಗೇ ಮಾಡುದು ಸಾರ್. ತಂತಿ ಎಲ್ಲಿಯಾದ್ರೂ ತಾಗಿದ್ರೆ ಮತ್ತೆ ಎಂತ ಮಾಡುದು?" ಎನ್ನುತ್ತಿದ್ದ.

ಬೆಂಕಿ ಹತ್ತಲಿಲ್ಲ. ಎಲ್ಲರನ್ನೂ ಹೊರಗೆ ಎಳೆದೆವು. ಕೆಸರಿಗೆ ಜಾರುವ ತನಕ ಬ್ಯಾಟರಿ ಸರಿಯಾಗಿತ್ತು ಎಂದು ಪೈಲಟ್ ಆಣೆ ಮಾಡಿ ಹೇಳಿದರು. ನಾನು ಬೈರಾಸನ್ನು ಬಿಚ್ಚಿ ಅಂಗಿಯೊಳಗೆ ಸೇರಿಸಿಕೊಂಡೆ. ಮರುದಿನ ಅದನ್ನು ಬೋಳಾರಕ್ಕೆ ಒಯ್ದು, ಸಿಕ್ಕಿದ ಜಾಗ ಹೇಳಿ, ಸಂಜೀವಣ್ಣನ ಹೆಂಡತಿ ಕಮಲಕ್ಕನ ಕೈಗೆ ಕೊಟ್ಟೆ.

ಅವರು ಅದರ ಅಂಚನ್ನು ಬೆರಳಲ್ಲಿ ತಡವಿದರು. "ಈ ಹೊಲಿಗೆ ನಂದೇ. ಇದನ್ನು ಅವರ ಮೈಮೇಲೆ ಹಾಕಿಯೇ ಕಳಿಸಿದ್ದಲ್ವಾ ತಮ್ಮ."

ನಾನು ಜಗಲಿಯಲ್ಲಿ ಕುಳಿತುಬಿಟ್ಟೆ.

"ವಿಮಾನದವರು ಎಂತ ಆದ್ರು?"

"ಎಲ್ಲರೂ ಬದುಕಿದ್ದಾರೆ ಅಕ್ಕ."

"ಹಾಗಾದ್ರೆ ಇದು ನನ್ನ ಹತ್ರ ಇರ್ಲಿ." ಮಡಚಿ ಒಳಗೆ ತೆಗೆದುಕೊಂಡು ಹೋದರು.

ಏನೆಂದು ಅರ್ಥ ಮಾಡಿಕೊಳ್ಳಲಿ? ಸಂಜೀವಣ್ಣನ ಹೆಣಕ್ಕೆ ಹೆಗಲು ಕೊಟ್ಟವರಲ್ಲಿ ನಾನೂ ಒಬ್ಬ. ಆ ಬೈರಾಸು ಚಿತೆಯಲ್ಲಿ ಹತ್ತಿ ಉರಿದದ್ದನ್ನು ನಾನು ಕಣ್ಣಾರೆ ನೋಡಿದ್ದೆ.